ನೋವಿಗೆ ಅಳತೆಗೋಲು ಉಂಟೆ?

ಜ್ವರದ ತಾಪವನ್ನು ಉಷ್ಣಮಾಪಕ ತಿಳಿಸುತ್ತದೆ. ರಕ್ತದ ಒತ್ತಡವನ್ನು ತೋಳಿಗೆ ಸುತ್ತಿದ ಪಟ್ಟಿ ತಿಳಿಸುತ್ತದೆ. ಎಲುಬು ಮುರಿದಿದೆಯೋ ಇಲ್ಲವೋ ಎಂಬುದನ್ನು ಕ್ಷ-ಕಿರಣದ ಚಿತ್ರ ಹೇಳುತ್ತದೆ. ಆದರೆ ಮನುಷ್ಯನನ್ನು ವೈದ್ಯನ ಬಾಗಿಲಿಗೆ ಅಟ್ಟುವ ನೋವನ್ನು ಮಾತ್ರ ಹೀಗೆ ಅಳೆದು ಹೇಳುವ ಯಂತ್ರ ಇಂದಿಗೂ ಆಸ್ಪತ್ರೆಗಳಿಗೆ ದೊರೆತಿಲ್ಲ. ಇದು ಕೇವಲ ಪಂಡಿತರ ಕುತೂಹಲದ ಸಂಗತಿಯೆಂದು ಭಾವಿಸಲಾಗದು. ಗುಣವಾಗುವ ಹಂತವನ್ನು ಮೀರಿದ ಕ್ಯಾನ್ಸರ್ ರೋಗಿಗೆ ಈ ರಾತ್ರಿ ನಿದ್ರೆ ಬರುವುದೋ ಇಲ್ಲವೋ ಎಂಬುದು, ಆತನ ನೋವನ್ನು ಇನ್ನೊಬ್ಬರು ಎಷ್ಟು ಸರಿಯಾಗಿ ಅರಿತರು ಎಂಬುದನ್ನೇ ಅವಲಂಬಿಸಿದೆ. ಕಡಮೆಯೆಂದು ಬಗೆದರೆ ಔಷಧ ಸಾಲದೆ ಹೋಗುತ್ತದೆ. ಹೆಚ್ಚೆಂದು ಬಗೆದರೆ ಉಳಿದಿರುವ ಕೆಲವೇ ದಿನಗಳು ಮಂಪರಿನಲ್ಲಿ ಕಳೆದುಹೋಗುತ್ತವೆ.

ಯಂತ್ರದ ಸೋಲು

ಯಂತ್ರವೊಂದನ್ನು ನಿರ್ಮಿಸುವ ಯತ್ನ ನಡೆಯದೆ ಇರಲಿಲ್ಲ. 1940ರಲ್ಲಿ ನ್ಯೂಯಾರ್ಕಿನಲ್ಲಿ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್, ಹೆಲೆನ್ ಗೂಡೆಲ್ ಎಂಬ ಮೂವರು ವಿಜ್ಞಾನಿಗಳು ನೋವುಮಾಪಕವೊಂದನ್ನು ರಚಿಸಿದರು. ಪ್ರಖರವಾದ ದೀಪದ ಬೆಳಕನ್ನು ಮಸೂರದ ಮೂಲಕ ಹಾಯಿಸಿ, ಕಪ್ಪು ಬಳಿದ ಹಣೆಯ ಮೇಲೆ 3 ಸೆಕೆಂಡುಗಳ ಕಾಲ ಬೀಳಿಸುವುದು. ಎಷ್ಟು ಶಾಖಕ್ಕೆ ಚುಚ್ಚಿದಂತಾಯಿತೆಂದು ಕೇಳಿ ಬರೆದುಕೊಳ್ಳುವುದು. ಇದೇ ಅವರ ವಿಧಾನ. ತಮ್ಮ ಹಣೆಯನ್ನೇ ಅವರು ಈ ಪ್ರಯೋಗಕ್ಕೆ ಒಡ್ಡಿದರು. ಉದ್ದಕ್ಕೆ ಮೀಟರ್ ಇದ್ದಂತೆ ನೋವಿಗೆ ‘ಡಾಲ್’ ಎಂಬ ಮಾನವನ್ನೂ ಕಲ್ಪಿಸಿದರು.

ಆದರೆ ಬೇರೆ ಪ್ರಯೋಗಶಾಲೆಗಳಲ್ಲಿ ಅದೇ ಯಂತ್ರ ಅದೇ ಉತ್ತರವನ್ನು ಕೊಡಲಿಲ್ಲ. ಹಾರ್ವರ್ಡಿನ ವೈದ್ಯ ಹೆನ್ರಿ ಬೀಚರ್ ಈ ವಿಧಾನವನ್ನು ಬಲವಾಗಿ ಆಕ್ಷೇಪಿಸಿದವರಲ್ಲಿ ಪ್ರಮುಖರು. ಅವರ ಆಕ್ಷೇಪಕ್ಕೆ ರಣರಂಗದ ಅನುಭವದ ಬೆಂಬಲವಿತ್ತು. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ 215 ಸೈನಿಕರನ್ನು ಪ್ರಶ್ನಿಸಿ, ಅದರ ಫಲಿತಾಂಶವನ್ನು ಅವರು 1946ರಲ್ಲಿ ಪ್ರಕಟಿಸಿದ್ದರು. ನೋವು ಕಳೆಯುವ ಔಷಧ ಬೇಕೆಂದವರು ಅವರಲ್ಲಿ ಸುಮಾರು ಕಾಲುಭಾಗ ಮಾತ್ರ! ಗಾಯ ಚಿಕ್ಕದೆಂದೇನೂ ಅಲ್ಲ. ಸೈನಿಕನ ಪಾಲಿಗೆ ಆ ಗಾಯ ಯುದ್ಧದಿಂದ ಬಿಡುಗಡೆಯ ರಹದಾರಿ. ಬದುಕಿ ಮನೆಗೆ ಮರಳುವ ಆಶ್ವಾಸನೆ.

ಕ್ಯಾನ್ಸರ್ ರೋಗಿಯ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ನಡುವಿನಲ್ಲಿ ಹೊಸದಾಗಿ ಕಾಣಿಸಿದ ಸಣ್ಣ ನೋವೂ ಆತನಿಗೆ ರೋಗ ಹಬ್ಬಿತೆಂಬ ಸುದ್ದಿಯನ್ನು ತರುತ್ತದೆ. ಗಾಯದ ಗಾತ್ರವೊಂದು, ನೋವಿನ ಗಾತ್ರವೇ ಮತ್ತೊಂದು. ಇವೆರಡೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ.

ಹಾಗಾದರೆ ನಾಡಿಯ ಬಡಿತ, ರಕ್ತದ ಒತ್ತಡ, ಬೆವರು ಇವುಗಳಿಂದ ನೋವನ್ನು ಊಹಿಸಬಾರದೆ? ತಟ್ಟನೆ ಬಂದೆರಗಿದ ನೋವಿನಲ್ಲಿ ಇವು ಏರುವುದುಂಟು. ತಿಂಗಳುಗಟ್ಟಲೆ ಕಾಡುವ ನೋವಿಗಾದರೋ ದೇಹ ಹೊಂದಿಕೊಂಡುಬಿಡುತ್ತದೆ. ನಾಡಿ ಶಾಂತವಾಗಿರುತ್ತದೆ, ಮುಖ ಬಾಡಿರುತ್ತದೆ, ರೋಗಿ ಗೋಡೆಯ ಕಡೆ ತಿರುಗಿ ಸುಮ್ಮನೆ ಮಲಗಿರುತ್ತಾನೆ. “ನೋವಿದ್ದವನು ಹೀಗಿರುತ್ತಾನೆಯೆ?” ಎಂದು ನೋಡಿದವರು ಮುಂದೆ ನಡೆಯುತ್ತಾರೆ. ಮಿದುಳಿನ ಚಿತ್ರ ತೆಗೆಯುವ ನವೀನ ಯಂತ್ರಗಳೂ ಬಂದಿವೆ. ಆರೋಗ್ಯವಂತರಿಗೆ ಬಿಸಿ ತಾಗಿಸಿದಾಗ ಮಿದುಳಿನಲ್ಲಿ ಕಾಣುವ ನೋವಿನ ಗುರುತನ್ನು 2013ರಲ್ಲಿ ಅಮೆರಿಕದ ಸಂಶೋಧಕರು ವಿವರಿಸಿದರು. ಆದರೆ ಪ್ರಯೋಗಶಾಲೆಯ ಬಿಸಿಗೂ ವರ್ಷಗಟ್ಟಲೆ ಎಲುಬನ್ನು ಕೊರೆಯುವ ನೋವಿಗೂ ಅಂತರ ಬಹಳ.

ಮಾತೇ ಮಾಪಕ

ಯಂತ್ರ ಸೋತಲ್ಲಿ ವೈದ್ಯಶಾಸ್ತ್ರ ಮತ್ತೆ ರೋಗಿಯ ಮಾತಿಗೆ ಮರಳಿತು. ಈ ಮಾರ್ಗವನ್ನು ತೋರಿದವರಲ್ಲಿ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅಗ್ರಗಣ್ಯರು. ದಾದಿಯಾಗಿ, ಸಮಾಜ ಸೇವಕಿಯಾಗಿ ದುಡಿದು, ಬಳಿಕ ವೈದ್ಯವಿದ್ಯೆಯನ್ನು ಕಲಿತ ಆಕೆ, ಲಂಡನ್ನಿನಲ್ಲಿ ಮರಣೋನ್ಮುಖ ರೋಗಿಗಳ ಪಕ್ಕದಲ್ಲಿ ಕುಳಿತು ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ದೇಹದ ಯಾತನೆ, ಮನಸ್ಸಿನ ಭೀತಿ, ಸಂಸಾರದ ಚಿಂತೆ, ಬದುಕಿನ ಅರ್ಥವನ್ನೇ ಕುರಿತ ಕಳವಳ, ಇವೆಲ್ಲ ಹೆಣೆದುಕೊಂಡು ಒಂದೇ ನೋವಾಗಿರುವುದನ್ನು ಗುರುತಿಸಿ, 1960ರ ದಶಕದಲ್ಲಿ ಅದನ್ನು ‘ಸಮಗ್ರ ನೋವು’ ಎಂದು ಕರೆದರು. ನೋವು ಮರುಕಳಿಸಿದ ಮೇಲೆ ಔಷಧ ಕೊಡುವುದಕ್ಕೆ ಬದಲು, ಮರುಕಳಿಸುವ ಮುನ್ನವೇ ಗಂಟೆಗನುಸಾರವಾಗಿ ಕೊಡಬೇಕೆಂದು ಸಾರಿದರು. 1967ರಲ್ಲಿ ಆಕೆ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ಜಗತ್ತಿಗೇ ಮಾದರಿಯಾಯಿತು.

ಕೆನಡಾದ ರೊನಾಲ್ಡ್ ಮೆಲ್ಜಾಕ್ ರೋಗಿಗಳು ಬಳಸುವ ಪದಗಳನ್ನೇ ಶೇಖರಿಸಿ ವರ್ಗೀಕರಿಸಿದರು. 1975ರಲ್ಲಿ ಪ್ರಕಟವಾದ ಅವರ ಪ್ರಶ್ನಾವಳಿಯಲ್ಲಿ 78 ಪದಗಳಿವೆ. ನಮ್ಮ ಕನ್ನಡವೂ ಈ ಸಂಪತ್ತಿನಲ್ಲಿ ಬಡಭಾಷೆಯೇನಲ್ಲ. ಚುಚ್ಚು, ಇರಿತ, ಉರಿ, ಸೆಳೆತ, ಸಿಡಿತ, ನುಲಿತ, ಜೋಮು: ಒಂದೊಂದು ಮಾತೂ ವೈದ್ಯನಿಗೆ ಒಂದೊಂದು ಸುಳಿವು. ಉರಿಯುತ್ತದೆ, ಕರೆಂಟು ಹೊಡೆದಂತಾಗುತ್ತದೆ ಎಂದರೆ ಗಂತಿಯು ನರವನ್ನು ಒತ್ತುತ್ತಿರಬಹುದು. ಅದಕ್ಕೆ ಬೇರೆಯೇ ಬಗೆಯ ಔಷಧಗಳುಂಟು. ಹೊರಳಿದರೆ ಎಲುಬಿನೊಳಗೆ ಕೊರೆದಂತಾಗುತ್ತದೆ ಎಂದರೆ ರೋಗ ಎಲುಬನ್ನು ಹೊಕ್ಕಿರಬಹುದು. ಅಲ್ಲಿ ವಿಕಿರಣ ಚಿಕಿತ್ಸೆ ಸಹಾಯಕ್ಕೆ ಬರುತ್ತದೆ. ಹೊಟ್ಟೆ ಹಿಂಡಿ ಹಿಂಡಿ ಬಿಡುತ್ತದೆ ಎಂದರೆ ಕರುಳಿಗೆ ತಡೆಯಾಗಿರಬಹುದು. ಈ ಮಾತುಗಳನ್ನೆಲ್ಲ ‘ಪೇನು’ ಎಂಬ ಒಂದೇ ಪದಕ್ಕೆ ಇಳಿಸಿ ಬರೆದುಕೊಂಡರೆ ಅರ್ಧ ರೋಗನಿದಾನವೇ ಕಳೆದುಹೋದಂತೆ.

ಪ್ರಮಾಣವನ್ನು ತಿಳಿಯಲು ಸರಳವಾದ ಉಪಾಯಗಳಿವೆ. ನೋವೇ ಇಲ್ಲದಿದ್ದರೆ 0, ಊಹಿಸಬಹುದಾದ ಪರಮ ನೋವಿಗೆ 10. ಈಗ ಎಷ್ಟು ಎಂದು ಕೇಳುವುದು ಒಂದು. 10 ಸೆಂಟಿಮೀಟರ್ ಉದ್ದದ ಗೆರೆಯ ಮೇಲೆ ಗುರುತು ಮಾಡಿಸುವುದು ಇನ್ನೊಂದು. ಮಕ್ಕಳಿಗೆ ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳನ್ನು ತೋರಿಸುತ್ತಾರೆ. ಅಂಕೆಗಳ ಗೊಡವೆಯೇ ಬೇಡವೆನ್ನುವ ಹಿರಿಯರನ್ನು, “ಅಜ್ಜೀ, ತಡೆಯಲಾರದ ನೋವು ಹದಿನಾರಾಣೆಯಾದರೆ ಈಗ ನಿಮಗೆ ಎಷ್ಟಾಣೆ?” ಎಂದು ಕೇಳಿದರೂ ಆದೀತು.

ಒಬ್ಬರ 7 ಇನ್ನೊಬ್ಬರ 7ಕ್ಕೆ ಸಮವೆಂದು ಹೇಳಬರುವುದಿಲ್ಲ. ಅಂಕೆಯ ಪ್ರಯೋಜನವಿರುವುದು ಅದೇ ರೋಗಿಯ ನಿನ್ನೆಯನ್ನೂ ಇಂದನ್ನೂ ಹೋಲಿಸುವುದರಲ್ಲಿ. ನಿನ್ನೆ 8 ಇದ್ದುದು ಇಂದು 5ಕ್ಕೆ ಇಳಿದರೆ ಔಷಧ ನಾಟಿದೆ ಎಂದರ್ಥ. ಇಳಿಯದಿದ್ದರೆ ಚಿಕಿತ್ಸೆಯನ್ನು ಮತ್ತೆ ವಿಮರ್ಶಿಸಬೇಕು. ಕೇಳಿ ಬರೆದಿಟ್ಟು, ಬರೆದುದನ್ನು ಯಾರೂ ನೋಡದಿದ್ದರೆ ಅದು ಲೆಕ್ಕವೇ ಹೊರತು ಚಿಕಿತ್ಸೆಯಲ್ಲ.

ಮುಚ್ಚಿಟ್ಟ ನೋವು

ರೋಗಿಯ ಮಾತೇ ಪ್ರಮಾಣವಾದರೆ, ಆತ ಸತ್ಯವನ್ನೇ ಹೇಳುತ್ತಾನೆಯೆ? ಸುಳ್ಳು ಹೇಳಿ ಅಫೀಮಿನ ಔಷಧ ಪಡೆದಾನು ಎಂಬ ಶಂಕೆ ಜನರಲ್ಲಿದೆ. ಕ್ಯಾನ್ಸರ್ ವಾರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕೆ ವಿರುದ್ಧ. ನೋವು ಹೆಚ್ಚಿದೆಯೆಂದರೆ ರೋಗ ಹೆಚ್ಚಿದೆಯೆಂದು ತಾನೇ ಒಪ್ಪಿದಂತಾಗುವುದೆಂಬ ಭಯ. ಸಾಲ ಮಾಡಿ ಆರೈಕೆ ಮಾಡುವ ಮಗನ ಮನಸ್ಸು ನೊಂದೀತೆಂಬ ಅಳುಕು. ಸಹಿಸಿಕೊಳ್ಳುವುದೇ ಹಿರಿತನವೆಂಬ ಸಂಸ್ಕಾರ. ಮಗ ಎದುರಿಗೆ ನಿಂತಿರುವಾಗ ಕೇಳಿದರೆ ತಾಯಿ, “ಪರವಾಗಿಲ್ಲಪ್ಪ, ಸ್ವಲ್ಪ ಇದೆ” ಎನ್ನುತ್ತಾಳೆ. ಆದುದರಿಂದ ಅನುಭವಸ್ಥ ದಾದಿ ಅಂಕೆಯೊಂದನ್ನೇ ಕೇಳುವುದಿಲ್ಲ. ರಾತ್ರಿ ಎಷ್ಟು ಸಲ ಎಚ್ಚರವಾಯಿತು? ಕುಳಿತು ಉಣ್ಣಲಾಯಿತೆ? ಬಚ್ಚಲಿನವರೆಗೆ ನಡೆಯಲಾಯಿತೆ? ಏಕಾಂತದಲ್ಲಿ ಕೇಳಿದ ಈ ಪ್ರಶ್ನೆಗಳು ಮುಚ್ಚಿಟ್ಟ ನೋವನ್ನು ಹೊರತರುತ್ತವೆ.

ಮಾತೇ ಉಡುಗಿದವರ ಗತಿಯೇನು? ಅಂತ್ಯಕಾಲದ ಮಂಪರಿನಲ್ಲಿರುವವರು, ಮರೆವಿನ ರೋಗಕ್ಕೆ ತುತ್ತಾದ ವೃದ್ಧರು ಅಂಕೆ ಹೇಳಲಾರರು. ಮರೆವಿನ ರೋಗಿಗಳಿಗಾಗಿ 2003ರಲ್ಲಿ ರೂಪುಗೊಂಡ ಒಂದು ಕ್ರಮದಲ್ಲಿ ಐದು ಲಕ್ಷಣಗಳನ್ನು ಗಮನಿಸುತ್ತಾರೆ: ಉಸಿರಾಟ, ನರಳಾಟ, ಮುಖಭಾವ, ದೇಹದ ಬಿಗಿತ ಮತ್ತು ಸಮಾಧಾನಪಡಿಸಿದರೆ ಸುಮ್ಮನಾಗುವರೋ ಇಲ್ಲವೋ ಎಂಬುದು. ಒಂದೊಂದಕ್ಕೂ 0ರಿಂದ 2 ಅಂಕ, ಒಟ್ಟು 10. ತುಂಬಿದ ಮೂತ್ರಕೋಶ, ಮಲಬದ್ಧತೆ, ಭಯ ಇವುಗಳಿಂದಲೂ ರೋಗಿ ಚಡಪಡಿಸಬಹುದಾದುದರಿಂದ ಅಂಕವನ್ನೇ ಕುರುಡಾಗಿ ನಂಬುವಂತಿಲ್ಲ. ಮಗ್ಗುಲು ಹೊರಳಿಸುವಾಗ ಹುಬ್ಬು ಗಂಟಿಕ್ಕುವುದನ್ನು ಮೊದಲು ಕಾಣುವವರು ಹಗಲಿರುಳು ಪಕ್ಕದಲ್ಲಿರುವ ಮನೆಯವರು. ಆ ಸಾಕ್ಷ್ಯವನ್ನು ವೈದ್ಯರು ಕೇಳಿಯೇ ತಿಳಿಯಬೇಕು.

ಅಳೆದ ಮೇಲೆ ಔಷಧ ಬೇಡವೆ?

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಚಿಕಿತ್ಸಾಕ್ರಮವನ್ನು ಪ್ರಕಟಿಸಿತು. ತೀವ್ರ ನೋವಿಗೆ ಅದರ ಮೇಲಿನ ಮೆಟ್ಟಿಲಿನಲ್ಲಿದ್ದುದು ಮಾರ್ಫೀನ್. ಆದರೆ ಭಾರತದಲ್ಲಿ 1985ರ ಮಾದಕ ದ್ರವ್ಯ ಕಾನೂನಿನ ಬಿಗಿಯಿಂದಾಗಿ ಈ ಔಷಧದ ಬಳಕೆ, ಮುಂದಿನ ಹನ್ನೆರಡು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತಲೂ ಹೆಚ್ಚು ಕುಸಿಯಿತು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳಿಗೆ ಕಳುಹಿಸುವ ನಾಡಿನಲ್ಲಿ, ಇಲ್ಲಿನ ರೋಗಿ ನರಳುತ್ತ ಮಲಗಿದ್ದ! 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಪ್ರಾರಂಭಿಸಿದ ನೋವು ನಿವಾರಣಾ ಸೇವೆ, 1994ರಲ್ಲಿ ಸ್ಥಾಪಿತವಾಗಿ ಶುಲ್ಕವಿಲ್ಲದೆ ಆರೈಕೆ ನೀಡುತ್ತ ಬಂದಿರುವ ಬೆಂಗಳೂರಿನ ಕರುಣಾಶ್ರಯ ಮೊದಲಾದ ಯತ್ನಗಳು ಹೊಸ ದಾರಿಯನ್ನು ತೋರಿದವು. 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಪರವಾನಗಿಯ ತೊಡಕು ಸಡಿಲವಾಯಿತು. ಆದರೂ ಮಾರ್ಫೀನ್ ಎಂದೊಡನೆ ಚಟವೆಂದೋ ಸಾವೆಂದೋ ಹೆದರುವ ಮನಸ್ಸುಗಳು ಇನ್ನೂ ಉಂಟು. ಬಲ್ಲ ವೈದ್ಯರ ಕಣ್ಣಳತೆಯಲ್ಲಿ, ನೋವಿಗೆ ತಕ್ಕ ಪ್ರಮಾಣದಲ್ಲಿ ಕೊಟ್ಟ ಔಷಧ ಬದುಕನ್ನು ಮೊಟಕುಗೊಳಿಸುವುದಿಲ್ಲ. ಉಳಿದ ಬದುಕನ್ನು ಬಾಳಲು ಯೋಗ್ಯವಾಗಿಸುತ್ತದೆ.

ನೋವನ್ನು ಅಳೆಯುವುದೆಂದರೆ ಕೊನೆಗೆ ಕೇಳುವುದು, ನಂಬುವುದು, ಬರೆದಿಡುವುದು, ಔಷಧ ಕೊಟ್ಟ ಮೇಲೆ ಮರಳಿ ಬಂದು ಮತ್ತೆ ಕೇಳುವುದು. ಇದಕ್ಕೆ ವಿದ್ಯುತ್ತು ಬೇಡ, ವಿದೇಶದ ಉಪಕರಣ ಬೇಡ. ಒಂದು ಕಾಗದ, ಒಂದು ಲೇಖನಿ, ಹಾಸಿಗೆಯ ಪಕ್ಕದಲ್ಲಿ ಕುಳಿತುಕೊಳ್ಳುವಷ್ಟು ವ್ಯವಧಾನ ಇದ್ದರೆ ಸಾಕು. ಇವು ಬಡ ಆಸ್ಪತ್ರೆಗೂ ದುಬಾರಿಯಲ್ಲ.