ಎರಡು ಲಿಪಿಗಳ ಬೆಳ್ಳಿ ನಾಣ್ಯ

ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಕಾಬೂಲಿನಿಂದ ಪಂಜಾಬಿನವರೆಗೆ ಆಳಿದ ಗ್ರೀಕ್ ಅರಸ ಮಿನಾಂಡರ್. ಬೌದ್ಧ ಗ್ರಂಥವಾದ 'ಮಿಲಿಂದಪಞ್ಹ'ದ ಮಿಲಿಂದನೇ ಈತ. ಅವನ ಬೆಳ್ಳಿ ದ್ರಾಕ್ಮಾ ಸುಮಾರು ಎರಡೂವರೆ ಗ್ರಾಂ ತೂಗುವ ಪುಟ್ಟ ಬಿಲ್ಲೆ. ಒಂದು ಬದಿಯಲ್ಲಿ ಅರಸನ ಮುಖ, ಸುತ್ತಲೂ ಗ್ರೀಕ್ ಅಕ್ಷರಗಳಲ್ಲಿ 'ಬಸಿಲೇಯೋಸ್ ಸೋತೇರೋಸ್ ಮೆನಾಂದ್ರೂ'. ಇನ್ನೊಂದು ಬದಿಯಲ್ಲಿ ಸಿಡಿಲನ್ನು ಎಸೆಯುತ್ತಿರುವ ಅಥೀನಾ ದೇವಿ, ಸುತ್ತಲೂ ಖರೋಷ್ಠಿ ಲಿಪಿಯ ಪ್ರಾಕೃತದಲ್ಲಿ 'ಮಹರಜಸ ತ್ರತರಸ ಮೆನಂದ್ರಸ'. ರಕ್ಷಕನಾದ ಮಹಾರಾಜ ಮಿನಾಂಡರನದು ಎಂಬುದೇ ಎರಡರ ಅರ್ಥವೂ. ಮನೆಯಲ್ಲೊಂದು ಲಿಪಿ, ಬಸ್ಸಿನ ಫಲಕದಲ್ಲಿ ಇನ್ನೊಂದು ಲಿಪಿ ಓದಿ ಬೆಳೆಯುವ ನಮ್ಮ ಮಕ್ಕಳಿಗೆ ಇದೇನೂ ವಿಚಿತ್ರವೆನಿಸದು. ನಮ್ಮ ಶಾಸನಗಳಲ್ಲಿ ಬರುವ 'ದ್ರಮ್ಮ'ಕ್ಕೂ ಈ ದ್ರಾಕ್ಮಾವೇ ಮೂಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಖರೋಷ್ಠಿಯನ್ನು ಓದಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಬಾಗಿಲು ತೆರೆದದ್ದು ಒಬ್ಬ ನಾಣ್ಯ ಸಂಗ್ರಾಹಕನಿಂದ. ಚಾರ್ಲ್ಸ್ ಮ್ಯಾಸನ್ ಎಂಬುದು ಅವನು ತಾನೇ ಇಟ್ಟುಕೊಂಡ ಹೆಸರು. ನಿಜನಾಮ ಜೇಮ್ಸ್ ಲೂಯಿಸ್, 1827ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬಿಟ್ಟು ಓಡಿಹೋದ ಸಿಪಾಯಿ. 1833ರಿಂದ ಅವನು ಕಾಬೂಲಿನ ಉತ್ತರಕ್ಕಿರುವ ಬೆಗ್ರಾಮ್ ಬಯಲಿನಲ್ಲಿ ನಾಣ್ಯಗಳನ್ನು ಸಾವಿರ ಸಾವಿರವಾಗಿ ಕೂಡಿಸಿದನು. ಬಹುಪಾಲು ತಾಮ್ರದವು. ಆದರೆ ಅವನು ಬರಿದೆ ಕೂಡಿಡಲಿಲ್ಲ, ಹೋಲಿಸಿ ನೋಡಿದನು. ಮೆನಾಂದ್ರೂ, ಅಪೊಲ್ಲೊದೋತೂ ಎಂಬ ಗ್ರೀಕ್ ಹೆಸರುಗಳಿದ್ದಲ್ಲೆಲ್ಲ ಮರುಬದಿಯಲ್ಲಿ ಆಯಾ ಅಕ್ಷರಗುಂಪೇ ಮರಳಿ ಬರುವುದನ್ನು ಗುರುತಿಸಿದನು. ಈ ಸುಳಿವು ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್‌ಗೆ ತಲುಪಿತು. ಹೆಸರುಗಳಿಂದ ಅಕ್ಷರಗಳು ಒಂದೊಂದಾಗಿ ಬಿಡಿಸಿಕೊಂಡವು. ಶಹಬಾಜ್‌ಗಢಿಯ ಅಶೋಕ ಶಾಸನವನ್ನು ಓದಲು ಮುಂದೆ ದಾರಿಯಾದದ್ದೂ ಹೀಗೆಯೇ.

ಇದಕ್ಕಿಂತಲೂ ಸೊಗಸಾದ ನಾಣ್ಯಗಳು 1970ರಲ್ಲಿ ದೊರೆತವು. ಅಫಘಾನಿಸ್ತಾನದ ಐ ಖಾನುಮ್ ಎಂಬ ಗ್ರೀಕ್ ನಗರದ ಉತ್ಖನನದಲ್ಲಿ ಫ್ರೆಂಚ್ ವಿದ್ವಾಂಸರಿಗೆ ಅಗಾಥೋಕ್ಲಿಸ್ ಅರಸನ ಆರು ಚೌಕ ಬೆಳ್ಳಿ ನಾಣ್ಯಗಳು ಸಿಕ್ಕವು. ಒಂದೆಡೆ ನೇಗಿಲು ಹಿಡಿದ ಬಲರಾಮ, ಇನ್ನೊಂದೆಡೆ ಚಕ್ರಧಾರಿ ಕೃಷ್ಣ. ಲಿಪಿಗಳು ಗ್ರೀಕ್ ಮತ್ತು ಬ್ರಾಹ್ಮಿ. ಜತೆಗೆ ನೂರಾರು ಭಾರತೀಯ ಮುದ್ರಾಂಕಿತ ನಾಣ್ಯಗಳೂ ಇದ್ದವು. ಇವೆಲ್ಲ ಒಂದೇ ಎಡೆಯಲ್ಲಿ ದೊರೆತುದರಿಂದಲೇ ಎರಡು ಬಗೆಯ ಹಣವೂ ಒಟ್ಟಿಗೆ ಒಂದೇ ಕೈಗೆ ಬಂದಿತ್ತೆಂಬುದು ತಿಳಿಯಿತು. ಯಾರೋ ಅಗೆದು ಬಿಡಿಬಿಡಿಯಾಗಿ ಮಾರಿದ್ದರೆ ಬೆಳ್ಳಿ ಉಳಿಯುತ್ತಿತ್ತು, ಆ ಸಂಗತಿ ಅಳಿಯುತ್ತಿತ್ತು. ಆ ನಗರದ ನೆಲವನ್ನು ಆಮೇಲೆ ಕಳ್ಳರು ಗುಂಡಿಗುಂಡಿಯಾಗಿ ತೋಡಿಹಾಕಿದರು.

ನಾಣ್ಯ ಕೂಡಿಸುವ ಹವ್ಯಾಸ ಮಕ್ಕಳಿಗಿರಲಿ. ಹತ್ತು ಪೈಸೆಯ ನಾಣ್ಯವಾದರೂ ಸರಿಯೇ. ಎಲ್ಲಿ, ಎಂದು, ಯಾರಿಂದ ದೊರೆಯಿತೆಂದು ಚೀಟಿಯಲ್ಲಿ ಬರೆದಿಡುವುದನ್ನು ಮಾತ್ರ ತಾಯ್ತಂದೆಯರು ರೂಢಿಮಾಡಿಸಬೇಕು. ಪೇಟೆಯಲ್ಲಿ 'ಗ್ರೀಕ್ ಬೆಳ್ಳಿ' ಎಂದು ಅಗ್ಗಕ್ಕೆ ಕೊಡುವವರನ್ನು ನಂಬಲಾಗದು. ಹಳೆಯ ನಾಣ್ಯಗಳನ್ನು ಅಚ್ಚಿನ ಮೇಲಿಟ್ಟು ಕೈಯಿಂದ ಬಡಿದು ಮಾಡುತ್ತಿದ್ದರು. ಒಂದರಂತೆ ಇನ್ನೊಂದು ಇರುವುದಿಲ್ಲ. ಎರಡು ನಾಣ್ಯಗಳು ಗೀರಿಗೆ ಗೀರು ಒಂದೇ ಆಗಿದ್ದರೆ, ಅಂಚಿನಲ್ಲಿ ಎರಕದ ಗೆರೆ ಕಂಡರೆ, ಅವು ಖೋಟಾ. ಹೊಲದಲ್ಲಿ ನಿಧಿಯೇ ಸಿಕ್ಕಿತೆನ್ನಿ: ನಿಧಿ ಕಾಯಿದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

1946ರಲ್ಲಿ ಕುಂದುಜ್ ಬಳಿ 600ಕ್ಕೂ ಹೆಚ್ಚು ಗ್ರೀಕ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ದೊರೆತಿದ್ದವು. ಅವುಗಳಲ್ಲಿ ಅಮಿಂಟಾಸ್ ಅರಸನ ಐದು ನಾಣ್ಯಗಳು ತಲಾ ಸುಮಾರು 85 ಗ್ರಾಂ ತೂಗುತ್ತಿದ್ದವು. ಕಾಬೂಲ್ ವಸ್ತುಸಂಗ್ರಹಾಲಯದಲ್ಲಿದ್ದ ಆ ನಿಧಿ 1990ರ ದಶಕದ ಅಂತರ್ಯುದ್ಧದಲ್ಲಿ ಲೂಟಿಯಾಯಿತು. ಕ್ಯೂರಿಯೆಲ್ ಮತ್ತು ಫುಸ್ಮಾನ್ ಎಂಬ ವಿದ್ವಾಂಸರು 1965ರಲ್ಲೇ ಅದರ ವಿವರವಾದ ಪಟ್ಟಿಯನ್ನು ಅಚ್ಚು ಹಾಕಿಸಿದ್ದರು. ಇಂದು ಆ ನಿಧಿಯನ್ನು ಕಾಣಬೇಕೆಂದವರು ತೆರೆಯುವುದು ಆ ಪುಸ್ತಕವನ್ನು.