ಹದಿಮೂರು ಪ್ರಯೋಗ, ಒಂದು ಸರಾಸರಿ

ಮೊಮ್ಮಗಳ ಎಡತೋಳಿನಲ್ಲಿ ಬಿಸಿಜಿ ಲಸಿಕೆ ಚುಚ್ಚಿದ ಜಾಗದಲ್ಲಿ ಗುಳ್ಳೆ ಎದ್ದು ಮಗಳು ಗಾಬರಿಯಾಗಿದ್ದಳು. "ಅದು ಏಳೋದೇ ಕಣಮ್ಮ, ಮುಟ್ಟಬೇಡ" ಎಂದೆ. ಆಮೇಲೆ ಕೇಳಿದಳು: "ಅಪ್ಪಾ, ಇದ್ರಿಂದ ಕ್ಷಯ ಎಷ್ಟು ತಪ್ಪುತ್ತೆ?" ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ತಡವರಿಸಿದೆ.

ಬ್ರಿಟನ್ನಿನ ಶಾಲಾಮಕ್ಕಳ ಪ್ರಯೋಗದಲ್ಲಿ ಲಸಿಕೆ ಹಾಕಿಸಿಕೊಂಡ 13,598 ಮಂದಿಯಲ್ಲಿ 62 ಜನರಿಗೆ ಕ್ಷಯ ಬಂತು. ಹಾಕಿಸಿಕೊಳ್ಳದ 12,867 ಮಂದಿಯಲ್ಲಿ 248 ಜನರಿಗೆ. ಮೊದಲ ಗುಂಪಿನ ಅಪಾಯವನ್ನು ಎರಡನೆಯದರಿಂದ ಭಾಗಿಸಿದರೆ 0.24. ಇದು ಅಪಾಯದ ಅನುಪಾತ. 1 ಬಂದರೆ ಲಸಿಕೆಯಿಂದ ಲಾಭವಿಲ್ಲ. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಶುರುವಾದ ಪ್ರಯೋಗದಲ್ಲಿ ಗುಂಪಿಗೆ 88,391 ಮಂದಿ. ಲಸಿಕೆ ಪಡೆದವರಲ್ಲಿ 505, ಪಡೆಯದವರಲ್ಲಿ 499 ಜನರಿಗೆ ಕ್ಷಯ. ಅನುಪಾತ 1.01!

ಇಂಥ 13 ಪ್ರಯೋಗಗಳನ್ನು 1994ರಲ್ಲಿ ಗ್ರಹಾಂ ಕೋಲ್ಡಿಟ್ಜ್ ಮತ್ತು ಸಂಗಡಿಗರು ಒಟ್ಟುಗೂಡಿಸಿದರು. ಅನುಪಾತಗಳನ್ನು ಕೂಡಿ ಭಾಗಿಸಿದರೆ ಮುಗಿಯಿತಲ್ಲ ಎನ್ನುವಿರಿ. ಒಂದು ಕಡೆ ಅಪಾಯ ಅರ್ಧವಾಗಿ (0.5), ಇನ್ನೊಂದು ಕಡೆ ಎರಡರಷ್ಟಾದರೆ (2) ಲೆಕ್ಕ ಸರಿಸಮ, ಉತ್ತರ 1 ಬರಬೇಕು. ಕೂಡಿ ಭಾಗಿಸಿದರೆ 1.25 ಬರುತ್ತದೆ. ಅದಕ್ಕೇ ಮೊದಲು ಲಾಗರಿದಮ್ ತೆಗೆದು ಸರಾಸರಿ ಮಾಡುತ್ತೇವೆ.

ಇನ್ನು ಯಾರ ಮಾತಿಗೆ ಎಷ್ಟು ತೂಕ? ನಿಜವಾದ ಅನುಪಾತ ಎಲ್ಲೆಡೆ ಒಂದೇ ಎಂದುಕೊಂಡರೆ, ಹೆಚ್ಚು ರೋಗಿಗಳನ್ನು ಕಂಡ ಪ್ರಯೋಗಕ್ಕೆ ಹೆಚ್ಚು ತೂಕ. ಆಗ ಚೆಂಗಲ್ಪಟ್ಟೊಂದಕ್ಕೇ ನೂರರಲ್ಲಿ 41 ಪಾಲು, ಉತ್ತರ 0.65. ಅನುಪಾತವೇ ಊರಿಂದೂರಿಗೆ ಬೇರೆ ಎಂದು ಒಪ್ಪಿ, ಆ ಏರಿಳಿತವನ್ನೂ ತೂಕದಲ್ಲಿ ಸೇರಿಸುವ ದಾರಿಯನ್ನು 1986ರಲ್ಲಿ ಡರ್‌ಸಿಮೋನಿಯನ್ ಮತ್ತು ಲೇರ್ಡ್ ತೋರಿಸಿದರು. ಆ ಲೆಕ್ಕದಲ್ಲಿ ಚೆಂಗಲ್ಪಟ್ಟಿನ ಪಾಲು ಹತ್ತಕ್ಕಿಳಿದು, ಉತ್ತರ 0.49 ಆಗುತ್ತದೆ.

ಅಪಾಯ ಅರ್ಧಕ್ಕಿಳಿಯಿತು ಎಂದು ಬರೆದುಬಿಡಬಹುದು. ಆದರೆ ಹೊಸ ಊರೊಂದರಲ್ಲಿ ಅನುಪಾತ ಎಷ್ಟಿದ್ದೀತು ಎಂದು ಇದೇ ಲೆಕ್ಕವನ್ನು ಕೇಳಿದರೆ, ಸುಮಾರು 0.15ರಿಂದ 1.5ರವರೆಗೆ ಎಲ್ಲಿಯಾದರೂ ಇದ್ದೀತು ಎನ್ನುತ್ತದೆ! ಸಮಭಾಜಕಕ್ಕೆ ಹತ್ತಿರವಾದಷ್ಟೂ ಲಾಭ ಕಡಿಮೆಯಾಗುವ ಒಲವು ಈ 13 ಪ್ರಯೋಗಗಳಲ್ಲಿ ಕಾಣುತ್ತದೆ. ಚೆಂಗಲ್ಪಟ್ಟು ಇರುವುದು ಬೆಂಗಳೂರಿನ ನೇರಕ್ಕೇ, 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ನಮಗೆ ಬೇಕಾದ ಸುದ್ದಿ ಸರಾಸರಿಗಿಂತ ಈ ಏರಿಳಿತದಲ್ಲೇ ಹೆಚ್ಚಿದೆ.

ಮಗಳಿಗೆ ಹೇಳಿದೆ: ಎಳೆಮಕ್ಕಳ ಮೆದುಳುಪೊರೆಯ ಕ್ಷಯವನ್ನು, ಮೈಯೆಲ್ಲ ಹರಡುವ ಕ್ಷಯವನ್ನು ಬಿಸಿಜಿ ಚೆನ್ನಾಗಿಯೇ ತಡೆಯುತ್ತದೆ, ಹಾಕಿಸಿದ್ದು ಸರಿ. ದೊಡ್ಡವರ ಮಾತು ಬೇರೆ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ತೋಳಿನ ಕಲೆ ನಂಬಿ ಕೂರಬೇಡಿ.