ಬಸುರಿಯ ಎದೆ ಉರಿಗೆ ಗುಳಿಗಿ ನುಂಗಬಹುದಾ?

ಏಳನೇ ತಿಂಗಳ ಕುಬುಸಕ್ಕೆ ಬೆಂಗಳೂರಿನಿಂದ ಬಿಜ್ಜರಗಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು, ಇಳಕಲ್ ಸೀರೆ ಇತ್ತು, ಒಂದೂ ಮಾತ್ರೆ ತೆಗೆಯದ ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಕೂಡ ಇತ್ತು. ಡಾಕ್ಟರೇ ಬರೆದುಕೊಟ್ಟಿದ್ದು. ಆದರೆ ಫೋನಿನಲ್ಲಿ ಅದರ ಹೆಸರು ಹುಡುಕಿ, ಹತ್ತು ಕಡೆ ಹತ್ತು ಥರ ಓದಿ, ಹೆದರಿ ಹಾಗೇ ಇಟ್ಟುಕೊಂಡಿದ್ದೆ. ಕೂಸಿಗೆ ಏನಾದರೂ ಆದರೆ?

ಕುಬುಸದ ಊಟ ಗೊತ್ತಲ್ಲ. ಶೇಂಗಾ ಹೋಳಿಗಿ, ಎಣ್ಣಿಗಾಯಿ, ಖಡಕ್ ರೊಟ್ಟಿ, ರಂಜಕ. ಬಂದವರೆಲ್ಲ ಒಂದೊಂದು ತುತ್ತು ತಿನಿಸಿದರು, ನಾನೂ ಬೇಡ ಅನ್ನಲಿಲ್ಲ. ರಾತ್ರಿ ಮಲಗಿದ್ದೇ ತಡ, ಹೊಟ್ಟೆಯಿಂದ ಗಂಟಲಿನವರೆಗೆ ಖಾರ ಅರೆದು ಹಚ್ಚಿದ ಹಾಗಾಯಿತು.

"ಎದಿ ಉರದ್ರ ಕೂಸಿನ ತಲಿ ತುಂಬ ಕೂದಲ ಇರ್ತಾವ. ಸ್ವಲ್ಪ ತಡ್ಕೋಳವ್ವಾ" ಅಂದಳು ಅವ್ವ. ಕಾಕು ಮಲಗಿದಲ್ಲಿಂದಲೇ "ನೀರಾಗ ಒಂದ್ ಚಿಟಿಕಿ ಸೋಡಾ ಹಾಕಿ ಕೊಡ್ರಿ" ಅಂದಳು. ವೈನಿ ಮಾತ್ರ ಲೈಟು ಹಾಕಿ, ನನ್ನ ಮುಖ ನೋಡಿ, ಬೇರೇನೋ ಕೇಳಿದಳು. "ತಲಿ ನೋಯ್ತದೇನು? ಕಣ್ಣ ಮಂಜಾಗ್ತಾವೇನು? ಬಿಪಿ ಯಾವಾಗ ನೋಡಿಸಿದ್ದಿ?" ಎದೆ ಉರಿಗೂ ಕಣ್ಣಿಗೂ ಏನು ಸಂಬಂಧ ಅಂತ ಆಗ ನನಗೆ ಹೊಳೆಯಲಿಲ್ಲ.

ಅವ್ವನ ಮಾತಿಗೆ ನಗಬೇಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 64 ಬಸುರಿಯರನ್ನು ಗಮನಿಸಿ 2006ರಲ್ಲಿ ಬರೆದ ವರದಿಯಲ್ಲಿ, ಎದೆ ಉರಿ ಜಾಸ್ತಿ ಇದ್ದವರ ಮಕ್ಕಳಿಗೆ ಕೂದಲೂ ಜಾಸ್ತಿ ಇದ್ದದ್ದು ಕಂಡಿತು. ಚಿಕ್ಕ ಅಧ್ಯಯನ, ಅಷ್ಟೇ. ಕೂದಲಿನ ಆಸೆಗೆ ನಿದ್ದೆ ಬಿಡಬೇಕಾಗಿಲ್ಲ.

ಉರಿಯ ಕಾರಣ ಸರಳ. ಗರ್ಭ ನಿಂತ ಮೇಲೆ ಏರುವ ಪ್ರೊಜೆಸ್ಟರಾನ್ ಹಾರ್ಮೋನು, ಅನ್ನನಾಳ ಮತ್ತು ಜಠರದ ನಡುವಿನ ಬಿಗಿಯನ್ನು ಸಡಿಲ ಮಾಡುತ್ತದೆ. ಆಮೇಲೆ ಬೆಳೆಯುವ ಗರ್ಭಕೋಶ ಕೆಳಗಿನಿಂದ ಒತ್ತುತ್ತದೆ. ಆಮ್ಲ ಮೇಲೆ ಬರುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪ ಉಣ್ಣುವುದು, ಉಂಡು ಎರಡು ಮೂರು ತಾಸು ಮಲಗದಿರುವುದು, ತಲೆ ಕಡೆ ಎತ್ತರ ಮಾಡಿ ಎಡಮಗ್ಗುಲಿಗೆ ಮಲಗುವುದು ಇವೇ ಮೊದಲ ಔಷಧ. ಆಫೀಸಿನಿಂದ ಹತ್ತಕ್ಕೆ ಬಂದು, ಉಂಡು, ಹತ್ತೂವರೆಗೆ ಮಲಗುವ ನಮ್ಮಂಥವರಿಗೆ ಇದು ಹೇಳಿದಷ್ಟು ಸುಲಭ ಅಲ್ಲ ಬಿಡಿ.

ಇದರಿಂದ ಕಡಿಮೆ ಆಗದಿದ್ದರೆ ಗುಳಿಗಿ. ಹೆದರಿಕೆ ಶುರುವಾಗುವುದೂ ಅಲ್ಲೇ. ಅದಕ್ಕೆ ಕಾರಣ ಇಲ್ಲದಿಲ್ಲ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡನ್ನು ಬಸುರಿಯರು ವಾಕರಿಕೆಗೂ ನುಂಗಿದರು. 1961ರ ಕೊನೆಗೆ ಅದನ್ನು ಹಿಂದಕ್ಕೆ ಪಡೆಯುವಷ್ಟರಲ್ಲಿ ಜಗತ್ತಿನಾದ್ಯಂತ ಸಾವಿರಾರು ಮಕ್ಕಳು ಕೈಕಾಲು ಸರಿ ಬೆಳೆಯದೆ ಹುಟ್ಟಿದ್ದರು. ಆದರೆ ಆ ಹೆದರಿಕೆಯನ್ನು ಎಲ್ಲ ಗುಳಿಗಿಗೂ ಅಂಟಿಸಿದರೆ ತಪ್ಪಾಗುತ್ತದೆ. ನಾನು ನುಂಗದೆ ಇಟ್ಟುಕೊಂಡಿದ್ದ ಜಾತಿಯ ಮಾತ್ರೆಗಳ ಬಗ್ಗೆ ಡೆನ್ಮಾರ್ಕಿನಲ್ಲಿ 8,40,968 ಹೆರಿಗೆಗಳ ದಾಖಲೆ ತೆಗೆದು ನೋಡಿದ್ದಾರೆ. ಗರ್ಭದ ಶುರುವಿನಲ್ಲೇ ಇವನ್ನು ತೆಗೆದುಕೊಂಡಿದ್ದ ಐದು ಸಾವಿರಕ್ಕೂ ಹೆಚ್ಚು ತಾಯಂದಿರ ಮಕ್ಕಳಲ್ಲಿ ದೊಡ್ಡ ಹುಟ್ಟುದೋಷಗಳು ಗಮನಾರ್ಹವಾಗಿ ಹೆಚ್ಚಿರಲಿಲ್ಲ. 2010ರಲ್ಲಿ ಇದು ಪ್ರಕಟವಾಯಿತು.

ಡಾಕ್ಟರು ಸಾಮಾನ್ಯವಾಗಿ ಶುರು ಮಾಡುವುದು ಇನ್ನೂ ಸೌಮ್ಯವಾದ ಆಂಟಾಸಿಡ್‌ನಿಂದ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಇರುವ ಸಿರಪ್ಪು, ಚೀಪುವ ಮಾತ್ರೆ. ಅದೂ ಸಾಲದಿದ್ದರೆ ಫ್ಯಾಮೊಟಿಡಿನ್, ಆಮೇಲೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್.

ಇನ್ನು ಕಾಕು ಹೇಳಿದ ಸೋಡಾ. ಅಡುಗೆ ಸೋಡಾ ಆಗಲಿ, ಸೋಡಾ ಇರುವ ನೊರೆಪುಡಿ ಆಗಲಿ ಬಸುರಿಗೆ ಒಳ್ಳೆಯದಲ್ಲ. ಅದರ ಸೋಡಿಯಂ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಮನೆಯಲ್ಲಿ ಉಳಿದಿರುವ ಹಳೇ ರ್‍ಯಾನಿಟಿಡಿನ್ ಕೂಡ ಬೇಡ. ಅದರಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಸಿಕ್ಕಿ 2020ರಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದಲೇ ತೆಗೆಸಿತು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ 2022ರಲ್ಲಿ ಅದು ಹೊರಬಿತ್ತು. ನಿಜಕ್ಕೂ ಅಪಾಯಕಾರಿ ಅಂದರೆ ಹೊಟ್ಟೆಹುಣ್ಣಿಗೆ ಕೊಡುವ ಮಿಸೊಪ್ರೊಸ್ಟಾಲ್. ಅದರಿಂದ ಗರ್ಭಪಾತ ಆಗಬಹುದು. ಕೆಲವು ನೋವಿನ ಮಾತ್ರೆಗಳಲ್ಲೂ ಅದು ಸೇರಿರುತ್ತದೆ. ಮೆಡಿಕಲ್ ಅಂಗಡಿಗೆ ಹೋಗಿ ಬರೀ "ಆ್ಯಸಿಡಿಟಿ ಗುಳಿಗಿ ಕೊಡ್ರಿ" ಅನ್ನುವ ಬದಲು, ಬಸುರಿ ಅನ್ನುವುದನ್ನು ಮೊದಲು ಹೇಳಿ.

ಯಾರೂ ಹೇಳದೇ ಬಿಡುವ ಸಂಗತಿ ಒಂದಿದೆ. ಆಶಾ ಅಕ್ಕ ತಂದುಕೊಡುವ ಕೆಂಪು ಗುಳಿಗಿಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಜೊತೆಗೆ ಫೋಲಿಕ್ ಆಸಿಡ್. ಗರ್ಭಿಣಿ ಅದನ್ನು 180 ದಿನ ನುಂಗಬೇಕು. ಅದರ ಬೆನ್ನಿಗೇ ಆಂಟಾಸಿಡ್ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡರ ನಡುವೆ ಕನಿಷ್ಠ ಎರಡು ತಾಸು ಬಿಡಿ. ಕ್ಯಾಲ್ಸಿಯಂ ಗುಳಿಗಿಗೂ ಇದೇ ಲೆಕ್ಕ. ಎದೆ ಉರಿಗೆ ಕೆಂಪು ಗುಳಿಗಿಯೇ ಕಾರಣ ಅಂತ ಅದನ್ನು ಕಸಕ್ಕೆ ಹಾಕುವವರನ್ನೂ ನೋಡಿದ್ದೇನೆ. ರಕ್ತ ಕಡಿಮೆ ಇರುವ ಹೆಂಗಸರೇ ಹೆಚ್ಚಿರುವ ಊರುಗಳಲ್ಲಿ ಅದು ದುಬಾರಿ ತಪ್ಪು.

ಈಗ ವೈನಿಯ ಪ್ರಶ್ನೆಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಅವಳ ಎರಡನೇ ಬಸಿರು, ಎಂಟನೇ ತಿಂಗಳು. ಪಕ್ಕೆಲುಬಿನ ಕೆಳಗೆ, ಬಲಕ್ಕೆ ನೋವು. ಎಲ್ಲರೂ ಗ್ಯಾಸು ಅಂದರು. ಎರಡು ದಿನ ನೊರೆಪುಡಿಯನ್ನೇ ಕುಡಿದಳು. ಮೂರನೇ ದಿನ ತಲೆ ಸಿಡಿಯತೊಡಗಿತು, ಕಣ್ಣ ಮುಂದೆ ಮಿಂಚು ಬಂದಂತಾಯಿತು. ತಾಯಿ ಕಾರ್ಡ್ ತುಂಬಲು ಬಂದ ಸಿಸ್ಟರ್ ಬಿಪಿ ನೋಡಿದರೆ 160ರ ಮೇಲೆ. ಅದು ಎದೆ ಉರಿ ಆಗಿರಲಿಲ್ಲ, ಪ್ರಿ-ಎಕ್ಲಾಂಪ್ಸಿಯಾ. 20 ವಾರ ದಾಟಿದ ಮೇಲೆ ಬಿಪಿ ಏರಿ ಲಿವರ್‌ಗೆ ಪೆಟ್ಟು ಬಿದ್ದಾಗಲೂ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಬರುತ್ತದೆ. ಅದಕ್ಕೆ ಯಾವ ಆ್ಯಸಿಡಿಟಿ ಗುಳಿಗಿಯೂ ಮದ್ದಲ್ಲ. 108ರಲ್ಲಿ ತಿಕೋಟಾ ದಾಟಿಸಿ ವಿಜಯಪುರಕ್ಕೆ ಒಯ್ದರು, ಅವತ್ತೇ ರಾತ್ರಿ ಹೆರಿಗೆ ಮಾಡಿಸಿದರು. ಮಗು ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು.

ನನ್ನ ತಲೆ ನೋಯುತ್ತಿರಲಿಲ್ಲ, ಕಣ್ಣೂ ಸರಿ ಇದ್ದವು, ಮುಖ ಬಾತಿರಲಿಲ್ಲ. ಆದರೂ ವೈನಿ ಬಿಡಲಿಲ್ಲ. ಬೆಳಿಗ್ಗೆ ಆಶಾ ಅಕ್ಕನ ಜೊತೆ ಕಳಿಸಿ ಬಿಪಿ ನೋಡಿಸಿದಳು. 118/76. ಮನೆಗೆ ಬಂದವಳೇ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ, ಮಾರನೇ ದಿನದಿಂದ ನಾಷ್ಟಾಕ್ಕಿಂತ ಅರ್ಧ ತಾಸು ಮೊದಲು ಆ ಗುಳಿಗಿ ನುಂಗತೊಡಗಿದೆ. ಕೆಂಪು ಗುಳಿಗಿಯ ಹೊತ್ತನ್ನು ವೈನಿ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಳು. ಮಗಳು ಅವಳ ಕೈಯಿಂದ ಪೆನ್ನು ಕಸಿದುಕೊಂಡು, ಅದರ ಪಕ್ಕದಲ್ಲೇ ಗೀಚಿದಳು.